ಸಿಹಿನೀರಿನ ತೊಟ್ಟಿಗೆ ಕಡಲು ಬರುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ಮನೆಯಲ್ಲಿರುವ ಸಿಹಿನೀರಿನ ಅಕ್ವೇರಿಯಂ ಅನ್ನು ಸಮುದ್ರದ ಮೀನು ಸಾಕುವ ಉಪ್ಪುನೀರಿನ ತೊಟ್ಟಿಯಾಗಿ ಬದಲಿಸಬಹುದೇ? ಬದಲಿಸಬಹುದು. ಆದರೆ ಹಳೆಯ ತೊಟ್ಟಿಯಿಂದ ಹೊಸದಕ್ಕೆ ಬರುವುದು ಗಾಜಿನ ಪೆಟ್ಟಿಗೆ ಮಾತ್ರ ಎಂದುಕೊಂಡೇ ಹೊರಡಬೇಕು. ಒಳಗಿನದೆಲ್ಲ ಮೊದಲಿನಿಂದ ಆರಂಭವಾಗಬೇಕು, ಅದಕ್ಕೆ ಒಂದೂವರೆ ಎರಡು ತಿಂಗಳು ಬೇಕು. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಮೂರು ಅಡಿಯ ಟ್ಯಾಂಕ್ ಇದೆ. ನಾಲ್ಕು ಗೋಲ್ಡ್ ಫಿಶ್ ಇವೆ. ಮಗನಿಗೆ ಈಗ ನೀಮೊ ಬೇಕಂತೆ. ದಿನಕ್ಕೆ ಒಂದೊಂದು ಚಮಚ ಉಪ್ಪು ಹಾಕುತ್ತಾ ಬಂದರೆ ಇರುವ ಮೀನುಗಳೇ ಸಮುದ್ರದ ನೀರಿಗೆ ಒಗ್ಗಿಕೊಳ್ಳುತ್ತವೆ ಎಂದು ಗೆಳೆಯರೊಬ್ಬರು ಹೇಳಿದರು. ಹಾಗೆ ಮಾಡಲು ನನಗೆ ಕೈ ಬರುತ್ತಿಲ್ಲ. ಮೀನು ಸತ್ತರೆ ಮಗ ತಡೆದುಕೊಳ್ಳಲಾರ. (ಮೈಸೂರು)

ಉತ್ತರ: ನಿಮಗೆ ಕೈ ಬರದೇ ಇದ್ದದ್ದೇ ಒಳ್ಳೆಯದಾಯಿತು. ನಿಮ್ಮ ಗೋಲ್ಡ್ ಫಿಶ್‌ಗಳು ಕ್ಷೇಮವಾಗಿವೆ, ಹಾಗೆಯೇ ಇರಲಿ. ಎಷ್ಟು ನಿಧಾನವಾಗಿ ಉಪ್ಪು ಬೆರೆಸಿದರೂ ಅವು ಸಮುದ್ರದ ಮೀನುಗಳಾಗುವುದಿಲ್ಲ. ಒಂದು ಮಟ್ಟದವರೆಗೆ ತಡೆದುಕೊಂಡು, ಆಮೇಲೆ ಸೊರಗಿ ಸಾಯುತ್ತವೆ.

ಕಾರಣವನ್ನು ಮಗನಿಗೂ ಹೇಳಬಹುದು. ಗೋಲ್ಡ್ ಫಿಶ್ ಆಗಲಿ, ನೀಮೊ ಎಂದು ಮಕ್ಕಳು ಕರೆಯುವ ಕ್ಲೌನ್ ಮೀನಾಗಲಿ, ಅವುಗಳ ಮೈಯೊಳಗಿನ ದ್ರವದ ಉಪ್ಪು ಸಮುದ್ರದ ನೀರಿನ ಉಪ್ಪಿಗಿಂತ ಬಹಳ ಕಡಿಮೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಉಪ್ಪು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಚರ್ಮ, ಕಿವಿರುಗಳ ಮೂಲಕ ಹರಿಯುತ್ತದೆ. ಇದಕ್ಕೆ ಅಭಿಸರಣೆ (ತೆಳು ಪೊರೆಯನ್ನು ದಾಟಿ ನೀರು ಉಪ್ಪಿನತ್ತ ಸರಿಯುವುದು) ಎನ್ನುತ್ತಾರೆ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿದೊಡನೆ ಅದು ನೀರು ಬಿಡುವುದೂ ಇದರಿಂದಲೇ. ಸಿಹಿನೀರಿನಲ್ಲಿರುವ ಮೀನಿನ ಮೈಗೆ ಹೊರಗಿನಿಂದ ಸದಾ ನೀರು ನುಗ್ಗುತ್ತಿರುತ್ತದೆ. ಆದ್ದರಿಂದ ಅದು ನೀರನ್ನು ಕುಡಿಯುವುದೇ ಅಪರೂಪ, ತೆಳುವಾದ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತದೆ. ಸಮುದ್ರದ ಮೀನಿನದು ಇದಕ್ಕೆ ತಿರುವುಮುರುವು. ಅದರ ಮೈಯಿಂದ ನೀರು ಸದಾ ಹೊರಗೆ ಹೋಗುತ್ತಿರುತ್ತದೆ. ಆ ನಷ್ಟ ತುಂಬಲು ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರದೂಡುತ್ತದೆ. ಗೋಲ್ಡ್ ಫಿಶ್‌ನ ಮೂತ್ರಪಿಂಡ, ಕಿವಿರುಗಳು ಮೊದಲನೆಯ ಕೆಲಸಕ್ಕೆ ರೂಪುಗೊಂಡವು. ಅಭ್ಯಾಸ ಮಾಡಿಸಿದರೂ ಎರಡನೆಯದನ್ನು ಕಲಿಯುವುದಿಲ್ಲ.

ನಿಮ್ಮ ಗೆಳೆಯರು ಸುಳ್ಳು ಹೇಳಿದ್ದಾರೆ ಎಂದುಕೊಳ್ಳಬೇಡಿ. ಮಾಲಿ ಎಂಬ ಸಣ್ಣ ಮೀನು ಎರಡೂ ನೀರಿನಲ್ಲಿ ಬಾಳಬಲ್ಲದು, ನಿಧಾನವಾಗಿ ಒಗ್ಗಿಸಿದರೆ ಸಮುದ್ರದ ಉಪ್ಪಿನಲ್ಲೂ ಇರುತ್ತದೆ. ನಮ್ಮ ಕರಾವಳಿಯ ಹೂಮೀನು ಕೂಡ ಅಂಥದ್ದೇ. ಅವರು ಅಂಥ ಮೀನನ್ನು ಕಂಡು ಎಲ್ಲ ಮೀನಿಗೂ ಅನ್ವಯಿಸಿರಬಹುದು.

ಹಾಗಾದರೆ ಮಗನ ಆಸೆ? ಗೋಲ್ಡ್ ಫಿಶ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ನನ್ನನ್ನು ಕೇಳಿದರೆ ಇವು ಇರುವಷ್ಟು ದಿನ ಈ ತೊಟ್ಟಿ ಇವುಗಳದೇ ಆಗಿರಲಿ, ಕ್ಲೌನ್ ಮೀನಿಗೆ ಬೇರೆ ತೊಟ್ಟಿ ಮಾಡಿ. ಜಾಗವಿಲ್ಲ ಎಂದಾದರೆ ಗೋಲ್ಡ್ ಫಿಶ್‌ಗಳನ್ನು ದೊಡ್ಡ ತೊಟ್ಟಿಯಿರುವ ಪರಿಚಯದವರಿಗೆ, ಮಗನನ್ನೂ ಕರೆದುಕೊಂಡು ಹೋಗಿ ಕೊಟ್ಟು ಬನ್ನಿ. ಕುಕ್ಕರಹಳ್ಳಿ ಕೆರೆಗೋ ಕಾವೇರಿಗೋ ಮಾತ್ರ ಬಿಡಬೇಡಿ. ಹೀಗೆ ಮನೆಯಿಂದ ಹೊರಬಿದ್ದ ಸಕ್ಕರ್ ಕ್ಯಾಟ್‌ಫಿಶ್ ದಕ್ಷಿಣ ಭಾರತದ ಹಲವು ಕೆರೆ, ಹೊಳೆಗಳಲ್ಲಿ ಬೇರೂರಿ ನಮ್ಮದೇ ಮೀನುಗಳಿಗೆ ತೊಂದರೆ ಕೊಡುತ್ತಿದೆ.

ಮೂರು ಅಡಿಯ ತೊಟ್ಟಿಯಲ್ಲಿ ಒಂದು ಜೋಡಿ ಕ್ಲೌನ್ ಮೀನು ಸುಖವಾಗಿರುತ್ತದೆ. ಇವು ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಎರಡು ಚಿಕ್ಕ ಮರಿ ತಂದರೂ ಜೋಡಿಯಾಗುತ್ತವೆ. ಅನಿಮೋನ್ (ಹೂವಿನಂತೆ ಕಾಣುವ, ಕುಟುಕುವ ಸಮುದ್ರಪ್ರಾಣಿ) ಇಲ್ಲದೆ ಅವು ಬದುಕುವುದಿಲ್ಲ ಎಂಬ ಭಯ ಹಲವರಿಗಿದೆ. ಮನೆಯ ತೊಟ್ಟಿಯಲ್ಲಿ ಅವುಗಳನ್ನು ತಿನ್ನಲು ಬರುವವರಿಲ್ಲ, ಹಾಗಾಗಿ ಆಸರೆಯಿಲ್ಲದೆಯೂ ಆರೋಗ್ಯವಾಗಿರುತ್ತವೆ. ಅನಿಮೋನ್‌ಗೆ ಪಳಗಿದ ತೊಟ್ಟಿ, ಪ್ರಖರ ಬೆಳಕು ಬೇಕು, ಮೊದಲ ವರ್ಷ ಅದು ಬೇಡ. ನೀಮೊ ಸಿನಿಮಾದ ಡೋರಿಯನ್ನೂ ಮಗ ಕೇಳಬಹುದು. ಆ ನೀಲಿ ಮೀನು ಸುಮಾರು 30 ಸೆಂಟಿಮೀಟರ್ ಬೆಳೆಯುತ್ತದೆ, ದಿನವಿಡೀ ಈಜಾಡುತ್ತದೆ. ನಿಮ್ಮ ತೊಟ್ಟಿ ಅದಕ್ಕೆ ಸಾಲದು.

ಕೊಳ್ಳುವಾಗ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಯೇ ಎಂದು ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಸಾಕಿದ ಮರಿಗೆ ಗುಳಿಗೆಯಂಥ ಆಹಾರ ತಿಂದು ರೂಢಿಯಿರುತ್ತದೆ, ಹವಳದ ದಿಬ್ಬದಿಂದ ಒಂದು ಮೀನು ಕಡಿಮೆಯೂ ಆಗುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಿಂದ ಸಮುದ್ರ ಕಾಲ್ನಡಿಗೆಯ ದೂರ. ಸಾಣಿಕಟ್ಟಾ ಉಪ್ಪಂತೂ ಮನೆಯಲ್ಲೇ ಇದೆ. ಆದರೂ ಅಂಗಡಿಯವರು ಅಕ್ವೇರಿಯಂಗೆಂದೇ ಬೇರೆ ಉಪ್ಪು ಕೊಳ್ಳಬೇಕು ಎನ್ನುತ್ತಾರೆ, ಬೆಲೆಯೂ ಜಾಸ್ತಿ. ಸಮುದ್ರದ ಪಕ್ಕದಲ್ಲಿದ್ದು ದುಡ್ಡು ಕೊಟ್ಟು ಸಮುದ್ರ ಕೊಳ್ಳುವುದು ಯಾಕೆ? ನಮ್ಮನ್ನು ಮೋಸ ಮಾಡುತ್ತಿದ್ದಾರೆಯೇ? (ಕುಮಟಾ)

ಉತ್ತರ: ಇಲ್ಲ, ಈ ಮಾತಿನಲ್ಲಿ ಅವರು ಮೋಸ ಮಾಡುತ್ತಿಲ್ಲ. ನಿಮ್ಮ ಅನುಮಾನವೂ ತಪ್ಪಲ್ಲ. ಆಗರದ ಉಪ್ಪು ಸಮುದ್ರದಿಂದಲೇ ಬಂದದ್ದು, ಅದನ್ನು ಮತ್ತೆ ನೀರಿಗೆ ಹಾಕಿದರೆ ಸಮುದ್ರವೇ ಆಗಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಅದರಲ್ಲಿ 30 ಗ್ರಾಂನಷ್ಟು ನಮ್ಮ ಅಡುಗೆ ಉಪ್ಪಿನ ಸೋಡಿಯಂ ಮತ್ತು ಕ್ಲೋರೈಡ್. ಮೀನು, ಸೀಗಡಿ, ಹವಳಗಳ ಬದುಕು ನಿಂತಿರುವುದು ಉಳಿದ ಐದು ಗ್ರಾಂನ ಮೇಲೂ ಹೌದು. ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಎಲ್ಲ ಅದರಲ್ಲಿವೆ. ಈಗ ಆಗರದಲ್ಲಿ ಏನಾಗುತ್ತದೆ ನೋಡಿ. ಅಳಿವೆಯ ನೀರು ಬಿಸಿಲಿಗೆ ಒಣಗುತ್ತಾ ಬಂದಂತೆ ಮೊದಲು ಕ್ಯಾಲ್ಸಿಯಂನ ಸುಣ್ಣದಂಥ ಅಂಶಗಳು ತಳಕ್ಕೆ ಕೂರುತ್ತವೆ. ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂನ ಬಹುಪಾಲು ಕೊನೆಗೆ ಉಳಿಯುವ ಕಹಿನೀರಿನಲ್ಲೇ ಹೋಗಿಬಿಡುತ್ತದೆ. ನೀವು ಗೋರಿ ತಂದದ್ದು ಸಮುದ್ರದ ಒಂದು ಪಾಲು ಮಾತ್ರ. ಅದು ಊಟಕ್ಕೆ ಒಳ್ಳೆಯದು, ಮೀನಿಗೆ ಸಾಲದು. ಪ್ಯಾಕೆಟ್ಟಿನ ಅಯೋಡಿನ್ ಉಪ್ಪಿನಲ್ಲಿ ಗಟ್ಟಿಯಾಗದಿರಲೆಂದು ಬೆರೆಸಿದ ಪದಾರ್ಥವೂ ಇರುತ್ತದೆ, ಅದಂತೂ ಬೇಡವೇ ಬೇಡ.

ಅಕ್ವೇರಿಯಂನ ಉಪ್ಪಿನ ಮಿಶ್ರಣದಲ್ಲಿ ಈ ಎಲ್ಲ ಅಂಶಗಳನ್ನೂ ಸಮುದ್ರದಲ್ಲಿರುವ ಅನುಪಾತದಲ್ಲೇ ಕೂಡಿಸಿರುತ್ತಾರೆ. ಆ ಅನುಪಾತ ತಿಳಿದದ್ದು ಹೇಗೆ ಎಂಬ ಕಥೆ ನನಗೆ ಬಹಳ ಇಷ್ಟ. 1872ರಿಂದ 1876ರವರೆಗೆ ‘ಚಾಲೆಂಜರ್’ ಎಂಬ ಹಡಗು ಜಗತ್ತಿನ ಸಾಗರಗಳನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತು. ವಿಲಿಯಂ ಡಿಟ್ಮರ್ ಎಂಬ ರಸಾಯನಶಾಸ್ತ್ರಜ್ಞ ಅವುಗಳಲ್ಲಿ 77 ಮಾದರಿಗಳನ್ನು ವಿಶ್ಲೇಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಉಪ್ಪಿನ ಒಟ್ಟು ಪ್ರಮಾಣ ಅಲ್ಲಲ್ಲಿ ಹೆಚ್ಚುಕಡಿಮೆಯಾದರೂ ಮುಖ್ಯ ಲವಣಗಳ ಪರಸ್ಪರ ಅನುಪಾತ ಎಲ್ಲ ಸಾಗರಗಳಲ್ಲೂ ಒಂದೇ ಎಂದು ಅದರಿಂದ ದೃಢವಾಯಿತು. ಕಡಲಿಂದ ನೂರಾರು ಮೈಲಿ ದೂರದ ಬೀದರಿನಲ್ಲೂ ಒಬ್ಬರು ಸಮುದ್ರದ ಮೀನು ಸಾಕಬಲ್ಲರು ಎಂದರೆ ಅದರ ಹಿಂದೆ ಈ ತಿಳಿವಳಿಕೆಯಿದೆ.

ಇನ್ನು ಸಮುದ್ರದ ನೀರನ್ನೇ ತರುವ ಮಾತು. ತರಬಹುದು, ಕರಾವಳಿಯಲ್ಲಿ ಸಾಕುವವರು ತರುತ್ತಾರೆ. ಆದರೆ ದಡದ ನೀರು ಬೇಡ. ಅಘನಾಶಿನಿ, ಗಂಗಾವಳಿ, ಶರಾವತಿಯಂಥ ಹೊಳೆಗಳು ಸೇರುವ ಕಡೆ ಉಪ್ಪು ತೀರಾ ಏರುಪೇರಾಗಿರುತ್ತದೆ. ಮಳೆಗಾಲದಲ್ಲಿ ದಡದುದ್ದಕ್ಕೂ ನೀರು ಸಪ್ಪೆ, ಕೆಸರು. ಬಂದರಿನ ಹತ್ತಿರ ಡೀಸೆಲ್, ಎಣ್ಣೆ. ದೀಪಾವಳಿ ಕಳೆದ ಮೇಲೆ, ಮಳೆಗಾಲಕ್ಕೆ ಮೊದಲು, ಅಳಿವೆಯಿಂದ ದೂರದಲ್ಲಿ, ಭರತದ ಹೊತ್ತಿನಲ್ಲಿ, ಸಾಧ್ಯವಾದರೆ ದೋಣಿಯವರಿಗೆ ಹೇಳಿ ಆಳದ ಕಡೆಯಿಂದ ತರಿಸಿ. ದಪ್ಪ ಬಟ್ಟೆಯಲ್ಲಿ ಸೋಸಿ, ಆಹಾರಕ್ಕೆ ಬಳಸುವ ಡ್ರಮ್ಮಿನಲ್ಲಿ ಮುಚ್ಚಿ, ಕತ್ತಲಲ್ಲಿ ಎರಡು ಮೂರು ವಾರ ಇಡಿ. ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ತಳ ಸೇರುತ್ತವೆ. ಮೇಲಿನ ತಿಳಿನೀರನ್ನು ಅಳತೆ ಮಾಡಿ ಬಳಸಿ.

ಮೊದಲ ಬಾರಿಗೆ ತೊಡಗುವವರಾದರೆ ಉಪ್ಪಿನ ಮಿಶ್ರಣವನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. 110 ಲೀಟರ್ ನೀರಿಗೆ ಸುಮಾರು ನಾಲ್ಕು ಕಿಲೋ ಸಾಕು. ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಒಂದು ದಿನ ಪಂಪ್ ಓಡಿಸಿ, ನಂತರ ಅಳೆಯಿರಿ. ಅಳೆಯಲು ರಿಫ್ರಾಕ್ಟೋಮೀಟರ್ (ಒಂದೆರಡು ಹನಿ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ತಿಳಿಸುವ ಕೊಳವೆ) ಒಳ್ಳೆಯದು. ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ) 1.023ರಿಂದ 1.026ರ ನಡುವೆ ಇರಲಿ. ಮುಖ್ಯವಾಗಿ, ಎಲ್ಲಿ ನಿಲ್ಲಿಸಿದಿರೋ ಅಲ್ಲೇ ಸ್ಥಿರವಾಗಿರಲಿ.

ಪ್ರಶ್ನೆ: ಮೂರು ವರ್ಷದಿಂದ ಚೆನ್ನಾಗಿ ನಡೆಯುತ್ತಿದ್ದ ಸಿಹಿನೀರಿನ ಟ್ಯಾಂಕ್ ಖಾಲಿ ಮಾಡಿ, ಅದೇ ಕಲ್ಲು, ಅದೇ ಫಿಲ್ಟರ್ ಇಟ್ಟು ಉಪ್ಪುನೀರು ತುಂಬಿಸಿದೆ. ಫಿಲ್ಟರ್ ಹಳೆಯದಾದ್ದರಿಂದ ಕಾಯಬೇಕಿಲ್ಲ ಎಂದರು. ಮರುದಿನವೇ ಐದು ಡ್ಯಾಮ್ಸೆಲ್ ಮೀನು ಬಿಟ್ಟೆ. ವಾರದೊಳಗೆ ಐದೂ ಹೋದವು. ಕೊನೆಯದು ಮೇಲೆ ಬಂದು ಬಾಯಿ ಬಿಡುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ನನ್ನ ಕೈಗುಣವೇ ಸರಿಯಿಲ್ಲ ಎಂದು ಮನೆಯಲ್ಲಿ ಅನ್ನುತ್ತಿದ್ದಾರೆ. ಎಲ್ಲ ಬಿಟ್ಟುಬಿಡಲೇ? (ದಾವಣಗೆರೆ)

ಉತ್ತರ: ಬಿಡಬೇಡಿ. ನಿಮಗೆ ನೋವಾಗಿದೆ ಎಂದರೆ ನೀವು ಮೀನು ಸಾಕಬೇಕಾದವರೇ. ಕೈಗುಣದ ಮಾತು ಮನಸ್ಸಿನಿಂದ ತೆಗೆದುಹಾಕಿ. ಆ ನೀರಿನಲ್ಲಿ ಯಾರ ಕೈಯಿಂದ ಬಿಟ್ಟಿದ್ದರೂ ಆ ಮೀನುಗಳು ಉಳಿಯುತ್ತಿರಲಿಲ್ಲ. ನಿಮಗೆ ಸಿಕ್ಕ ಸಲಹೆಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿತ್ತು.

ಮೀನಿನ ಮಲ, ಕಿವಿರಿನಿಂದ ಬರುವ ತ್ಯಾಜ್ಯ, ತಿನ್ನದೆ ಉಳಿದ ಆಹಾರ ಇವೆಲ್ಲ ಅಮೋನಿಯಾ ಆಗುತ್ತವೆ. ಅದು ವಿಷ. ಫಿಲ್ಟರಿನ ಸ್ಪಂಜು, ಕಲ್ಲು, ಮರಳಿನ ಮೇಲೆ ನೆಲೆಸಿದ ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾದಂಥ ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಲ್ಲದ ನೈಟ್ರೇಟಾಗಿ ಬದಲಿಸುತ್ತದೆ. ಈ ಸರಪಳಿಗೆ ಸಾರಜನಕ ಚಕ್ರ (ಕೊಳೆ ಹಂತಹಂತವಾಗಿ ನಿರಪಾಯವಾಗುವ ಕ್ರಮ) ಎಂದು ಹೆಸರು. ನಿಮ್ಮ ಹಳೆಯ ಫಿಲ್ಟರಿನಲ್ಲಿ ಇದು ಮೂರು ವರ್ಷದಿಂದ ನಡೆದಿತ್ತು, ನಿಜ. ಆದರೆ ಆ ಬ್ಯಾಕ್ಟೀರಿಯಾಗಳು ಸಿಹಿನೀರಿನವು. ಒಂದೇ ದಿನದಲ್ಲಿ ಲೀಟರಿಗೆ 35 ಗ್ರಾಂ ಉಪ್ಪು ಎದುರಾದಾಗ ಬಹುಪಾಲು ಸತ್ತವು ಅಥವಾ ಕೆಲಸ ನಿಲ್ಲಿಸಿದವು. ಸತ್ತವು ಕೊಳೆತು ಅಮೋನಿಯಾಕ್ಕೆ ಮತ್ತಷ್ಟು ಸೇರಿಸಿದವು.

ಇನ್ನೊಂದು ವಿಷಯವೂ ಇದೆ. ಸಮುದ್ರದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 8.1ರಿಂದ 8.4ರಷ್ಟು, ಅಂದರೆ ಕ್ಷಾರದ ಕಡೆಗೆ. ಪಿಎಚ್ ಏರಿದಂತೆ ಅಮೋನಿಯಾದ ಹೆಚ್ಚಿನ ಪಾಲು ವಿಷದ ರೂಪದಲ್ಲಿರುತ್ತದೆ. ಸಿಹಿನೀರಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ಅಮೋನಿಯಾವೇ ಇಲ್ಲಿ ಕಿವಿರು ಸುಡುತ್ತದೆ. ನಿಮ್ಮ ಕೊನೆಯ ಮೀನು ಮೇಲೆ ಬಂದು ಬಾಯಿ ಬಿಟ್ಟದ್ದಕ್ಕೆ ಇದೇ ಕಾರಣವಿರಬೇಕು.

ಈಗ ಹೀಗೆ ಮಾಡಿ. ತೊಟ್ಟಿಯಲ್ಲಿ ಮೀನು ಇಲ್ಲದಿರುವುದರಿಂದ ಯಾರ ಜೀವಕ್ಕೂ ಅಪಾಯವಿಲ್ಲ, ಆತುರವೂ ಬೇಡ. ಹಳೆಯ ಕಲ್ಲು ತೆಗೆದು, ಅರಾಗೊನೈಟ್ ಮರಳು (ಚಿಪ್ಪು, ಹವಳಗಳಲ್ಲಿರುವ ಬಗೆಯ ಸುಣ್ಣದ ಮರಳು) ಒಂದೆರಡು ಇಂಚು ಹರಡಿ. ಅದು ಸ್ವಲ್ಪಸ್ವಲ್ಪವೇ ಕರಗಿ ಪಿಎಚ್ ಬೀಳದಂತೆ ನೆರವಾಗುತ್ತದೆ. ರಂಧ್ರಗಳಿರುವ, ಅಕ್ವೇರಿಯಂಗೆಂದೇ ತಯಾರಿಸಿದ ಒಣ ಕಲ್ಲುಗಳನ್ನು ಜೋಡಿಸಿ. ಬ್ಯಾಕ್ಟೀರಿಯಾಗಳ ಮುಖ್ಯ ಮನೆ ಆ ರಂಧ್ರಗಳೇ. ನೀರು 25–26 ಡಿಗ್ರಿ ಇರಲಿ, ಪಂಪು ಹಗಲೂ ರಾತ್ರಿ ಓಡಲಿ. ಹೆಬ್ಬೆರಳಿನಷ್ಟು ಹಸಿ ಸೀಗಡಿಯ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡಿ. ಅದು ಕೊಳೆತು ಅಮೋನಿಯಾ ಕೊಡುತ್ತದೆ, ಹೊಸ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ವಾಸನೆ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಳೆಯುವ ಹನಿ ಪರೀಕ್ಷೆಯ ಕಿಟ್ ಕೊಳ್ಳಿ. ಮೀನಿಗಿಂತ ಮೊದಲು ಇದಕ್ಕೆ ಹಣ ಖರ್ಚಾಗಲಿ. ಎರಡು ಮೂರು ದಿನಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆದಿಡಿ. ಅಮೋನಿಯಾ ಏರಿ ಇಳಿಯುತ್ತದೆ, ಅದರ ಬೆನ್ನಿಗೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೆಯೇ ನಿಂತರೆ ತೊಟ್ಟಿ ಸಿದ್ಧ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಎಂಟು. ನಡುವೆ ಗಾಜು, ಮರಳಿನ ಮೇಲೆ ಕಂದು ಪಾಚಿ ಕಟ್ಟಿದರೆ ಕೆಟ್ಟಿತು ಎಂದು ಹೆದರಬೇಡಿ. ಹೊಸ ತೊಟ್ಟಿಗಳಲ್ಲಿ ಅದು ಬಂದು ಹೋಗುತ್ತದೆ.

ಆಮೇಲೆ ಅರ್ಧ ನೀರು ಬದಲಿಸಿ, ಒಂದು ಅಥವಾ ಎರಡು ಮೀನು ಮಾತ್ರ ಬಿಡಿ. ಮುಂದಿನ ಮೀನಿಗೆ ಒಂದು ತಿಂಗಳು ಕಾಯಿರಿ. ಅಮೋನಿಯಾ ತರಲೆಂದು ಅಗ್ಗದ ಡ್ಯಾಮ್ಸೆಲ್ ಮೀನುಗಳನ್ನೇ ಬಿಡುವ ಪದ್ಧತಿಯೊಂದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ತುಂಡು ಸೀಗಡಿ ಮಾಡುವ ಕೆಲಸಕ್ಕೆ ಜೀವಂತ ಮೀನನ್ನು ಸುಡುವ ನೀರಿನಲ್ಲಿ ಇಡುವುದು ಸರಿಯಲ್ಲ.

ಪ್ರಶ್ನೆ: ಹಳೆಯ ಸಾಮಾನುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು? ಎಲ್ಲ ಹೊಸದು ಕೊಳ್ಳುವಷ್ಟು ಶಕ್ತಿ ಇಲ್ಲ. (ಹುಬ್ಬಳ್ಳಿ)

ಉತ್ತರ: ಎಲ್ಲ ಹೊಸದು ಬೇಕಿಲ್ಲ. ಗಾಜಿನ ತೊಟ್ಟಿ, ಮುಚ್ಚಳ, ಹೀಟರ್, ಮೀನಿಗಷ್ಟೇ ಆದರೆ ಹಳೆಯ ದೀಪ, ಇವೆಲ್ಲ ನಡೆಯುತ್ತವೆ. ಹಳೆಯ ಕಾಲದ ಕಬ್ಬಿಣದ ಚೌಕಟ್ಟಿನ ತೊಟ್ಟಿಯಾದರೆ ಬೇಡ, ಉಪ್ಪಿಗೆ ತುಕ್ಕು ಹಿಡಿದು ಸೋರುತ್ತದೆ. ಕಬ್ಬಿಣದ ಸ್ಟ್ಯಾಂಡಿಗೆ ಒಳ್ಳೆಯ ಬಣ್ಣ ಬಳಿಸಿ. ಮೂರು ಅಡಿಯ ತೊಟ್ಟಿ ನೀರು, ಕಲ್ಲು ಸೇರಿ ನೂರೈವತ್ತು ಕಿಲೋ ಮೀರುತ್ತದೆ, ಸ್ಟ್ಯಾಂಡ್ ಅಲುಗಾಡಬಾರದು.

ಹೊರಗೆ ತೂಗುಹಾಕುವ ಫಿಲ್ಟರ್, ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ ಚೆನ್ನಾಗಿ ತೊಳೆದು ಬಳಸಿ, ಒಳಗಿನ ಸ್ಪಂಜು ಹೊಸದಾಗಲಿ. ಬಣ್ಣದ ಕಲ್ಲು, ಗಿಡಗಳ ಗೊಬ್ಬರದ ಮಣ್ಣು, ಮರದ ಬೇರು, ಗಿಡಗಳು ಹೊಸ ತೊಟ್ಟಿಗೆ ಬರುವಂತಿಲ್ಲ.

ಒಂದು ಮುಖ್ಯ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಈ ತೊಟ್ಟಿಗೆ ಹಿಂದೆ ತಾಮ್ರದ ಅಂಶವಿರುವ ಔಷಧಿ ಹಾಕಿದ್ದಿರಾ? ತಾಮ್ರ ಮೀನಿನ ರೋಗಕ್ಕೆ ಮದ್ದು, ಆದರೆ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಕಲ್ಲು ಮರಳುಗಳಲ್ಲಿ ಸೇರಿಕೊಂಡು ಮೆಲ್ಲಮೆಲ್ಲನೆ ಹೊರಬರುತ್ತದೆ. ಹಾಕಿದ್ದರೆ ಅಂಥ ಪ್ರಾಣಿಗಳನ್ನು ತರುವ ಮೊದಲು ತಾಮ್ರದ ಪರೀಕ್ಷೆ ಮಾಡಿ.

ಹೊಸದಾಗಿ ಬೇಕಾದದ್ದು ನೀರನ್ನು ಅಲೆಯಂತೆ ತಿರುಗಿಸುವ ಪಂಪು ಮತ್ತು ರಿಫ್ರಾಕ್ಟೋಮೀಟರ್. ಪ್ರೋಟೀನ್ ಸ್ಕಿಮ್ಮರ್ (ಸಣ್ಣ ಗುಳ್ಳೆಗಳ ನೊರೆಯಲ್ಲಿ ಕೊಳೆಯನ್ನು ಹಿಡಿದು ಹೊರಹಾಕುವ ಉಪಕರಣ) ಇದ್ದರೆ ಬಹಳ ಒಳ್ಳೆಯದು. ಎರಡು ಮೂರು ಚಿಕ್ಕ ಮೀನಿಗೆ, ವಾರಕ್ಕೆ ಹತ್ತು ಹದಿನೈದು ಶೇಕಡಾ ನೀರು ತಪ್ಪದೆ ಬದಲಿಸುವುದಾದರೆ, ಅದನ್ನು ಮುಂದಿನ ವರ್ಷ ಕೊಂಡರೂ ನಡೆದೀತು.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಬಕೆಟ್ ಮೇಲೆಲ್ಲ ಬಿಳಿ ಕಲೆ. ಅಡುಗೆಮನೆಯ ಆರ್‌ಒ ನೀರು ಬಳಸಬಹುದೇ? ಇನ್ನೊಂದು, ಪ್ರತಿದಿನ ನೀರು ಇಳಿಯುತ್ತದೆ, ಉಪ್ಪುನೀರೇ ತುಂಬಿಸುತ್ತಿದ್ದೇನೆ. ಆದರೂ ಮೀನುಗಳು ಮಂಕಾಗಿವೆ. (ಬೆಂಗಳೂರು)

ಉತ್ತರ: ನಿಮ್ಮ ಎರಡನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ಅದು ಇಂದೇ ಸರಿಪಡಿಸಬೇಕಾದದ್ದು. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಇಳಿದಷ್ಟಕ್ಕೂ ಉಪ್ಪುನೀರು ಸೇರಿಸುತ್ತಾ ಹೋದರೆ ಉಪ್ಪು ದಿನದಿನಕ್ಕೆ ಏರುತ್ತದೆ. ಮಂಕಾದದ್ದು ಅದರಿಂದಲೇ ಇರಬಹುದು. ಅಳೆದು ನೋಡಿ. 1.026 ಮೀರಿದ್ದರೆ ಒಮ್ಮೆಲೇ ಇಳಿಸಬೇಡಿ. ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಸಪ್ಪೆ ನೀರು ಹಾಕುತ್ತಾ ಎರಡು ಮೂರು ದಿನದಲ್ಲಿ ಇಳಿಸಿ. ಇನ್ನು ಮುಂದೆ ಗಾಜಿನ ಮೇಲೆ ಒಂದು ಗೆರೆ ಎಳೆದು, ಪ್ರತಿದಿನ ಬೆಳಿಗ್ಗೆ ಆ ಗೆರೆಯವರೆಗೆ ಶುದ್ಧವಾದ ಸಪ್ಪೆ ನೀರು ತುಂಬಿಸಿ. ಉಪ್ಪುನೀರು ಬೇಕಾಗುವುದು ವಾರದ ನೀರು ಬದಲಾವಣೆಗೆ ಮಾತ್ರ.

ಬೋರ್‌ವೆಲ್ ನೀರು ಬೇಡ. ಗಡಸುತನದ ಜೊತೆಗೆ ಅದರಲ್ಲಿ ನೈಟ್ರೇಟ್, ಸಿಲಿಕೇಟ್‌ಗಳೂ ಇರುತ್ತವೆ, ಪಾಚಿ ಹೆಚ್ಚುತ್ತದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇದೆ. ಆರ್‌ಒ ನೀರು ಒಳ್ಳೆಯದು, ಆದರೆ ಅಡುಗೆಮನೆಯ ಯಂತ್ರಗಳಲ್ಲಿ ಕುಡಿಯಲು ರುಚಿಯಾಗಲೆಂದು ಕಚ್ಚಾ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುವ ವ್ಯವಸ್ಥೆ ಇರುತ್ತದೆ. ಕೆಲವುಗಳಲ್ಲಿ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಡ್ಜ್ ಕೂಡ ಉಂಟು. ನಮಗೆ ಒಳ್ಳೆಯದೆಂದು ಹಾಕಿದ ಅದೇ ತಾಮ್ರ ಸೀಗಡಿಗೆ ಕುತ್ತು. ಸರ್ವಿಸಿನವರನ್ನು ಕೇಳಿ, ಮೆಂಬ್ರೇನ್ ದಾಟಿದ ಕೂಡಲೇ, ಇವು ಸೇರುವ ಮೊದಲೇ ನೀರು ಹಿಡಿಯುವ ಒಂದು ಸಣ್ಣ ನಳಿಕೆ ಹಾಕಿಸಿಕೊಳ್ಳಿ. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಹವಳದಂಥ ಸೂಕ್ಷ್ಮ ಪ್ರಾಣಿಗಳಿಗೆ ಇದರ ಮುಂದೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಮಣಿಗಳ ಕೊಳವೆ) ಜೋಡಿಸುತ್ತಾರೆ. ಮೀನಿಗಷ್ಟೇ ಆದರೆ ಅದು ಇಲ್ಲದೆಯೂ ಶುರುಮಾಡಬಹುದು.

ಪ್ರಶ್ನೆ: ಉಪ್ಪುನೀರು ಮತ್ತು ಕರೆಂಟು ಒಟ್ಟಿಗೆ ಎಂದರೆ ನನಗೆ ಎದೆ ಝಲ್ ಎನ್ನುತ್ತದೆ. ಮನೆಯಲ್ಲಿ ಓಡಾಡುವ ಮಗುವಿದೆ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುತ್ತದೆ. ಯಜಮಾನರಿಗೆ ಇದೆಲ್ಲ ಸಣ್ಣ ವಿಷಯ. (ಕಲಬುರಗಿ)

ಉತ್ತರ: ಸಣ್ಣ ವಿಷಯವಲ್ಲ. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಉತ್ತರವನ್ನು ಯಜಮಾನರಿಗೂ ಓದಲು ಕೊಡಿ. ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಅದು ಚಿಮ್ಮಿ ಒಣಗಿದ ಕಡೆಯೆಲ್ಲ ಉಪ್ಪಿನ ಪುಡಿ ಕಟ್ಟಿ ಪ್ಲಗ್ಗಿನವರೆಗೂ ಹಬ್ಬುತ್ತದೆ. ಆದರೆ ಒಮ್ಮೆ ಸರಿಯಾಗಿ ವ್ಯವಸ್ಥೆ ಮಾಡಿದರೆ ನಿಶ್ಚಿಂತೆಯಿಂದ ಇರಬಹುದು.

ಎಲೆಕ್ಟ್ರಿಷಿಯನ್ ಕರೆಸಿ, ತೊಟ್ಟಿಯ ಸಾಲಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕ್ಷಣದಲ್ಲೇ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಇದೆಯೇ ನೋಡಿಸಿ. ಪ್ಲಗ್ ಪಾಯಿಂಟ್ ತೊಟ್ಟಿಯ ಪಕ್ಕದ ಗೋಡೆಯಲ್ಲಿ, ಮಗುವಿಗೆ ಎಟುಕದ ಎತ್ತರದಲ್ಲಿರಲಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ, ವೈರಿನ ಮೇಲೆ ಇಳಿದು ಬಂದ ನೀರು ಆ ಜೋತಿನಲ್ಲಿ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ಚನ್ನೂ ಆರಿಸುವುದು ಮನೆಯ ನಿಯಮವಾಗಲಿ.

ಕರೆಂಟು ಹೋದಾಗ ಮೊದಲ ಕೊರತೆ ಆಮ್ಲಜನಕದ್ದು. 25 ಡಿಗ್ರಿಯಲ್ಲಿ ಉಪ್ಪುನೀರು ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಬಿಸಿಯೇರಿದರೆ ಇನ್ನೂ ಕಡಿಮೆ. ಮನೆಯಲ್ಲಿ ಯುಪಿಎಸ್ ಇದ್ದರೆ ನೀರು ತಿರುಗಿಸುವ ಪಂಪೊಂದನ್ನು ಅದಕ್ಕೆ ಸೇರಿಸಿ, ಅದು ಎಳೆಯುವುದು ಕೆಲವೇ ವ್ಯಾಟ್. ಇಲ್ಲವಾದರೆ ಬ್ಯಾಟರಿಯ ಗಾಳಿ ಪಂಪು ತಂದಿಡಿ. ನಿಮ್ಮ ಊರಿನ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಹಗಲಿಡೀ 32–33 ಡಿಗ್ರಿ ಇರುವ ಕೋಣೆಯಾದರೆ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಬೇಕಾದೀತು, ಅದು ದುಬಾರಿ. ಅದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ. ಈ ವರ್ಷ ಬೇಡ ಎಂದು ನೀವು ನಿರ್ಧರಿಸಿದರೆ ಅದೂ ಒಳ್ಳೆಯ ನಿರ್ಧಾರವೇ.

ಪ್ರಶ್ನೆ: ಹೊಸ ಮೀನಿನ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆಗಳಿವೆ. ಸಿಹಿನೀರಿನ ಮೀನಿಗೆ ಬಂದಾಗ ಹಾಕುತ್ತಿದ್ದ ಔಷಧಿಯನ್ನೇ ಹಾಕಲೇ? (ಉಡುಪಿ)

ಉತ್ತರ: ಹಾಕಬೇಡಿ, ಸ್ವಲ್ಪ ತಡೆಯಿರಿ. ಬೇಗ ಗಮನಿಸಿದ್ದೀರಿ, ಮೀನು ಉಳಿಯುವ ಸಾಧ್ಯತೆ ಚೆನ್ನಾಗಿದೆ. ನೋಡಲು ಒಂದೇ ಥರ ಕಂಡರೂ ಇದು ಬೇರೆ ಪರೋಪಜೀವಿ. ಸಿಹಿನೀರಿನದು ಇಕ್ತಿಯೋಫ್ತಿರಿಯಸ್, ಸಮುದ್ರದ್ದು ಕ್ರಿಪ್ಟೊಕಾರಿಯಾನ್. ಮೀನನ್ನು ಬೇರೆ ತೊಟ್ಟಿಗೆ ವರ್ಗಾಯಿಸಿ, ಅಲ್ಲಿ ಸಮುದ್ರದ ಮೀನಿಗೆಂದೇ ಇರುವ ತಾಮ್ರದ ಔಷಧಿಯನ್ನು ತಾಮ್ರದ ಪರೀಕ್ಷೆಯ ಕಿಟ್ಟಿನಿಂದ ಅಳೆಯುತ್ತಾ ಕೊಡಿ. ಮುಖ್ಯ ತೊಟ್ಟಿಗೆ ಅದನ್ನು ಹಾಕಬೇಡಿ. ಅಲ್ಲಿದ್ದ ಬೇರೆ ಮೀನುಗಳನ್ನೂ ಹೊರತೆಗೆದು, ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಟ್ಟರೆ ಆಸರೆ ಸಿಗದೆ ಪರೋಪಜೀವಿ ನಾಶವಾಗುತ್ತದೆ. ಮುಂದಿನ ಮೀನು ತಂದಾಗ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ಒಳಗೆ ಬಿಡಿ.

ಪ್ರಶ್ನೆ: ಒಬ್ಬರು ಕಡಲ್ಗುದುರೆ ಜೋಡಿಯನ್ನೂ ಜೀವಂತ ಹವಳವನ್ನೂ ತಂದುಕೊಡುತ್ತೇನೆ ಎನ್ನುತ್ತಾರೆ, ಬಿಲ್ ಕೊಡುವುದಿಲ್ಲವಂತೆ. ಮಕ್ಕಳು ಕುಣಿಯುತ್ತಿದ್ದಾರೆ. ನನಗೆ ಒಳಗೊಳಗೇ ಅಳುಕು. (ಶಿವಮೊಗ್ಗ)

ಉತ್ತರ: ನಿಮ್ಮ ಅಳುಕು ನಿಮ್ಮನ್ನು ದೊಡ್ಡ ತೊಂದರೆಯಿಂದ ಉಳಿಸಿದೆ. ಇನ್ನೂ ಕೊಂಡಿಲ್ಲವಾದ್ದರಿಂದ ಹೆದರುವ ಕಾರಣವಿಲ್ಲ. ಬೇಡ ಎಂದುಬಿಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಕಡಲ್ಗುದುರೆಗಳನ್ನೂ, ದಿಬ್ಬ ಕಟ್ಟುವ ಕಲ್ಲುಹವಳಗಳನ್ನೂ, ಕಡಲ ಬೀಸಣಿಗೆಯಂಥ ಹವಳಗಳನ್ನೂ ಸೇರಿಸಲಾಯಿತು. ಅವನ್ನು ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಸತ್ತು ಒಣಗಿದ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ‘ಲೈವ್ ರಾಕ್’ ಎಂದು ಮಾರುವ ಸಮುದ್ರದ ಕಲ್ಲುಗಳು ಹಲವು ಸಲ ಹವಳದ ದಿಬ್ಬದಿಂದ ಒಡೆದು ತಂದವೇ ಆಗಿರುತ್ತವೆ. ಹೊರದೇಶದಿಂದ ಬಂದದ್ದು ಎಂದರೆ ಆಮದಿನ ಕಾಗದಪತ್ರ ತೋರಿಸಲು ಕೇಳಿ. ತೋರಿಸದಿದ್ದರೆ ಅಲ್ಲಿಗೆ ಮಾತು ಮುಗಿಯಲಿ.

ಕಾನೂನಿನ ಮಾತು ಬಿಟ್ಟರೂ ಕಡಲ್ಗುದುರೆ ಮನೆಯ ತೊಟ್ಟಿಯಲ್ಲಿ ಬದುಕುವುದು ಬಹಳ ಕಷ್ಟ. ಅದಕ್ಕೆ ಜಠರವೇ ಇಲ್ಲ. ತಿಂದದ್ದು ಬೇಗ ಸಾಗಿಹೋಗುವುದರಿಂದ ದಿನವಿಡೀ ಸಣ್ಣಸಣ್ಣ ಜೀವಂತ ಆಹಾರ ಬೇಕು. ಸಮುದ್ರದಿಂದ ಹಿಡಿದು ತಂದದ್ದು ಸತ್ತ ಆಹಾರವನ್ನು ಮುಟ್ಟದೆ ಹಸಿವಿನಿಂದ ಸಾಯುತ್ತದೆ. ಮಕ್ಕಳಿಗೆ ಇದನ್ನು ಹೇಳಿ. ಅದರ ಗಂಡು ಹೊಟ್ಟೆಯ ಚೀಲದಲ್ಲಿ ಮರಿಗಳನ್ನು ಹೊತ್ತು ಹೆರುತ್ತದೆ ಎಂದೂ ಹೇಳಿ, ಅವರಿಗೆ ಖುಷಿಯಾಗುತ್ತದೆ. ಹವಳ ನೋಡುವ ಆಸೆಗೆ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪವಿದೆ. ಮಕ್ಕಳು ದೊಡ್ಡವರಾದ ಮೇಲೆ ತರಬೇತಾದ ಮುಳುಗುಗಾರರ ಜೊತೆ ಅಲ್ಲಿ ನೀರಿಗಿಳಿದು ಅದರ ಜಾಗದಲ್ಲೇ ನೋಡಬಹುದು.

ಪ್ರಶ್ನೆ: ತೊಟ್ಟಿಯಿಂದ ತೆಗೆದ ಹಳೆಯ ನೀರನ್ನು ಗಿಡಕ್ಕೆ ಹಾಕಬಹುದೇ? ಸಿಹಿನೀರಿದ್ದಾಗ ಗುಲಾಬಿಗೆ ಹಾಕುತ್ತಿದ್ದೆ, ಹೂ ಚೆನ್ನಾಗಿ ಬರುತ್ತಿತ್ತು. (ತುಮಕೂರು)

ಉತ್ತರ: ಸಿಹಿನೀರಿನಲ್ಲಿದ್ದ ನೈಟ್ರೇಟ್ ಗುಲಾಬಿಗೆ ಗೊಬ್ಬರವಾಗಿತ್ತು, ನೀವು ಮಾಡಿದ್ದು ಜಾಣತನವೇ. ಉಪ್ಪುನೀರನ್ನು ಮಾತ್ರ ಯಾವ ಕುಂಡಕ್ಕೂ ಹಾಕಬೇಡಿ, ಬೇರು ಸುಟ್ಟುಹೋಗುತ್ತದೆ. ತೆರೆದ ಬಾವಿಯ ಹತ್ತಿರ, ಕೆರೆಗೆ ಹರಿಯುವ ಚರಂಡಿಗೆ ಸುರಿಯುವುದೂ ಬೇಡ. ಬಚ್ಚಲಿನ ಒಳಚರಂಡಿಗೆ ಬಿಟ್ಟು, ಹಿಂದೆಯೇ ಎರಡು ಬಕೆಟ್ ಸಾದಾ ನೀರು ಸುರಿಯಿರಿ. ಗುಲಾಬಿಗೆ ಅಕ್ಕಿ ತೊಳೆದ ನೀರು ಹಾಕಿ.